ಬಿಫಾನಾ: ಪೋರ್ಚುಗಲ್ಲಿನ ಹಂದಿಮಾಂಸದ ಸ್ಯಾಂಡ್‌ವಿಚ್ ಮಾಡುವ ಸಮಗ್ರ ವಿಧಾನ

ತೆಳ್ಳಗೆ ಕೊಯ್ದ ಹಂದಿಮಾಂಸವನ್ನು ಬೆಳ್ಳುಳ್ಳಿ ಮತ್ತು ಬಿಳಿ ವೈನಿನಲ್ಲಿ ನೆನೆಸಿ, ಅದೇ ರಸದಲ್ಲಿ ಬೇಯಿಸಿ, ಹೊರಗೆ ಗರಿಗರಿಯಾಗಿಯೂ ಒಳಗೆ ಮೆತ್ತಗೂ ಇರುವ ಪುಟ್ಟ ಬ್ರೆಡ್ಡಿನಲ್ಲಿಟ್ಟು ಕೊಡುವ ತಿನಿಸೇ ಬಿಫಾನಾ. ಮೂಲ ರೂಪದಲ್ಲಿ ಇದಕ್ಕೆ ಟೊಮೆಟೊ ಹೋಳಾಗಲಿ, ಸೊಪ್ಪಾಗಲಿ, ಚೀಸ್ ಆಗಲಿ ಸೇರುವುದಿಲ್ಲ. ಇಷ್ಟು ಕಡಿಮೆ ಪದಾರ್ಥಗಳ ತಿನಿಸಾದ್ದರಿಂದಲೇ ಪ್ರತಿಯೊಂದು ಹಂತವೂ ರುಚಿಯಲ್ಲಿ ಎದ್ದು ಕಾಣುತ್ತದೆ. ಇದನ್ನು ಹುರಿದ ಮಾಂಸದ ಅಡುಗೆಯೆಂದು ತಿಳಿದು ಒಲೆಯ ಮುಂದೆ ನಿಂತವರಿಗೆ ಒಣಗಿದ ಮಾಂಸದ ಚೂರುಗಳೂ ಸಪ್ಪೆ ಬ್ರೆಡ್ಡೂ ಸಿಗುವ ಸಂಭವವೇ ಹೆಚ್ಚು. ಬಿಫಾನಾ ಮುಖ್ಯವಾಗಿ ರಸದ ಅಡುಗೆ. ಮಾಂಸವನ್ನು ತೆಳುವಾಗಿ ಕೊಯ್ಯುವುದು, ಹಂದಿಕೊಬ್ಬಿನಲ್ಲಿ ಬೇಯಿಸುವುದು, ಗಟ್ಟಿ ಸಿಪ್ಪೆಯ ಬ್ರೆಡ್ಡನ್ನೇ ಆರಿಸುವುದು, ಇವೆಲ್ಲವೂ ಆ ರಸ ಬ್ರೆಡ್ಡಿನೊಳಗೆ ಚೆನ್ನಾಗಿ ಇಳಿಯಲಿ, ಆದರೆ ಕೈಯಲ್ಲಿ ಹಿಡಿದಾಗ ಬ್ರೆಡ್ಡು ಕಳಚಿ ಬೀಳದಿರಲಿ ಎಂಬ ಒಂದೇ ಉದ್ದೇಶಕ್ಕಾಗಿ ಇವೆ.

ಊರಿಗೊಂದು ರೀತಿ

ಪೋರ್ಚುಗಲ್ಲಿನಲ್ಲಿ ಬಿಫಾನಾ ಸಿಗದ ಊರು ಅಪರೂಪ. ‘ತಾಸ್ಕಾ’ ಎಂದು ಕರೆಯಲಾಗುವ ಸಣ್ಣ ಹೋಟೆಲುಗಳ ಕಟ್ಟೆಯ ಮುಂದೆ ನಿಂತು, ಫುಟ್‌ಬಾಲ್ ಮೈದಾನಗಳ ಹೊರಗೆ ನಿಲ್ಲಿಸಿರುವ ಗಾಡಿಗಳ ಬಳಿ, ಜೂನ್ ತಿಂಗಳಲ್ಲಿ ಲಿಸ್ಬನ್ನಿನ ಸಂತ ಆಂಟೋನಿಯೊ ಹಬ್ಬದ ರಾತ್ರಿಯಲ್ಲಿ ಸುಟ್ಟ ಬೂತಾಯಿ ಮೀನಿನ ಜೊತೆಜೊತೆಗೆ ಜನ ಇದನ್ನು ತಿನ್ನುತ್ತಾರೆ. ಆದರೂ ಬಿಫಾನಾ ಎಂದೊಡನೆ ಪೋರ್ಚುಗೀಸರ ಬಾಯಿಗೆ ಮೊದಲು ಬರುವ ಹೆಸರು ಅಲೆಂಟೇಜು ಪ್ರಾಂತದ ವೆಂಡಾಸ್ ನೋವಾಸ್ ಪಟ್ಟಣದ್ದು. ಲಿಸ್ಬನ್ನಿನಿಂದ ಪೂರ್ವಕ್ಕೆ, ಎವೊರಾ ಮತ್ತು ಸ್ಪೇನಿನ ಗಡಿಯ ಕಡೆಗೆ ಸಾಗುವ ಹಳೆಯ ಹೆದ್ದಾರಿಯ ಮೇಲಿರುವ ಈ ಪಟ್ಟಣದಲ್ಲಿ ಪ್ರಯಾಣಿಕರು ಗಾಡಿ ನಿಲ್ಲಿಸಿ ಬಿಫಾನಾ ತಿಂದು ಮುಂದೆ ಹೋಗುವುದು ವಾಡಿಕೆಯಾಗಿದೆ. ಅಲ್ಲಿ ಮಾಂಸವನ್ನು ಬಡಿದು ತೆಳುವಾಗಿಸಿ, ಗಿರಾಕಿ ಕೇಳಿದ ಮೇಲೆ ಬೇಯಿಸಿ, ಬಿಸಿ ಮಾಡಿದ ಬ್ರೆಡ್ಡಿನಲ್ಲಿಟ್ಟು ಕೊಡುತ್ತಾರೆ.

ಉತ್ತರದ ಪೋರ್ಟೊ ನಗರದ ರೀತಿ ಬೇರೆ. ಅಲ್ಲಿ ಅಂಗಡಿಯ ಕಿಟಕಿಯ ಬಳಿಯೇ ದೊಡ್ಡ ಪಾತ್ರೆಯಲ್ಲಿ ಖಾರವಾದ ಕೆಂಪು ರಸ ಕುದಿಯುತ್ತಿರುತ್ತದೆ. ಕಾಗದದಷ್ಟು ತೆಳುವಾದ ಮಾಂಸದ ಚೂರುಗಳು ಅದರಲ್ಲೇ ಬೆಂದು ಮೆತ್ತಗಾಗುತ್ತವೆ. ಚಿಮಟಿಗೆಯಿಂದ ಒಂದು ಹಿಡಿಯಷ್ಟು ಎತ್ತಿ, ಸೋರುತ್ತಿರುವಂತೆಯೇ ಬ್ರೆಡ್ಡಿಗೆ ತುಂಬುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ವಾದ ಆ ದೇಶದಲ್ಲಿ ಮುಗಿಯುವಂಥದ್ದಲ್ಲ. ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ಅಲೆಂಟೇಜು ರೀತಿಯೇ ತಕ್ಕದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ತಪ್ಪು ಎಲ್ಲಾಯಿತೆಂದು ತಕ್ಷಣ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಅದನ್ನು ವಿವರವಾಗಿಯೂ ಪೋರ್ಟೊ ರೀತಿಯನ್ನು ಕೊನೆಯಲ್ಲಿ ಸಂಕ್ಷೇಪವಾಗಿಯೂ ಹೇಳಿದ್ದೇನೆ.

ಮಂಗಳೂರಿನ ಮತ್ತು ಗೋವೆಯ ಕ್ಯಾಥೊಲಿಕ್ ಮನೆಗಳ ಅಡುಗೆ ಬಲ್ಲವರಿಗೆ ಇಲ್ಲಿನ ವಿಧಾನ ಅಪರಿಚಿತವೆನ್ನಿಸದು. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ಹಂದಿಮಾಂಸವನ್ನು ನೆನೆಸಿಡುವ ಪೋರ್ಚುಗೀಸರ ಹಳೆಯ ಕ್ರಮವೇ ಗೋವೆಗೆ ಬಂದು, ವೈನಿನ ಜಾಗದಲ್ಲಿ ವಿನೆಗರ್ ಸೇರಿ, ಮೆಣಸಿನಕಾಯಿ ಮತ್ತು ಗರಂ ಮಸಾಲೆ ಕೂಡಿಕೊಂಡು ವಿಂದಾಲು ಆಯಿತು. ಈ ನೆಂಟಸ್ತನದಿಂದಾಗಿ ಒಂದು ಎಚ್ಚರಿಕೆಯೂ ಅಗತ್ಯ: ಕೈ ತಾನಾಗಿಯೇ ಜೀರಿಗೆ, ಲವಂಗ, ಚಕ್ಕೆಗಳ ಡಬ್ಬಿಯ ಕಡೆಗೆ ಹೋಗಬಹುದು. ಹೋಗಲು ಬಿಡಬಾರದು. ಅವು ಬಿದ್ದರೆ ತಯಾರಾಗುವುದು ವಿಂದಾಲುವಿನ ಸ್ಯಾಂಡ್‌ವಿಚ್; ಅದು ರುಚಿಯಾಗಿಯೇ ಇರುತ್ತದೆ, ಆದರೆ ಬಿಫಾನಾ ಆಗಿರುವುದಿಲ್ಲ.

ಬೇಕಾಗುವ ಪದಾರ್ಥಗಳು

ಕೆಳಗಿನ ಅಳತೆ 6 ಸ್ಯಾಂಡ್‌ವಿಚ್‌ಗಳಿಗೆ ಸಾಕಾಗುತ್ತದೆ. ಮೂಳೆಯಿಲ್ಲದ ಹಂದಿಮಾಂಸ 600 ಗ್ರಾಂ. ದಪ್ಪ ಎಸಳಿನ ಬೆಳ್ಳುಳ್ಳಿಯಾದರೆ 8 ಎಸಳು, ನಾಟಿ ಬೆಳ್ಳುಳ್ಳಿಯಾದರೆ 15. ಸಿಹಿಯಿಲ್ಲದ ಬಿಳಿ ವೈನ್ 200 ಮಿ.ಲೀ.; ಲಾರೆಲ್ ಎಲೆ 2; ಸಿಹಿ ಪಾಪ್ರಿಕಾ ಪುಡಿ 2 ಟೀ ಚಮಚ; ಕೆಂಪು ದಪ್ಪಮೆಣಸಿನಕಾಯಿಯ ಪೇಸ್ಟ್ 1 ಟೇಬಲ್ ಚಮಚ; ಉಪ್ಪು 1 ಟೀ ಚಮಚ; ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ; ಕರಗಿಸಿದ ಹಂದಿಕೊಬ್ಬು 3 ಟೇಬಲ್ ಚಮಚ; ಮೂಳೆ ಬೇಯಿಸಿದ ನೀರು ಅಥವಾ ಬರಿಯ ಬಿಸಿನೀರು 100 ಮಿ.ಲೀ.; ಬ್ರೆಡ್ಡು 6. ಮೇಲೆ ಹಾಕಿಕೊಳ್ಳಲು ಹಳದಿ ಸಾಸಿವೆ ಪೇಸ್ಟ್ ಮತ್ತು ಪಿರಿ ಪಿರಿ ಎಣ್ಣೆ.

ಇವುಗಳಲ್ಲಿ ಕೆಲವನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಲಾರೆಲ್ ಎಲೆಯೆಂದರೆ ನಾವು ಪಲಾವಿಗೆ ಹಾಕುವ ಎಲೆಯಲ್ಲ. ನಮ್ಮ ಪಲಾವ್ ಎಲೆಯ ಉದ್ದಕ್ಕೂ ಮೂರು ನರಗಳು ಕಾಣುತ್ತವೆ ಮತ್ತು ಅದಕ್ಕೆ ದಾಲ್ಚಿನ್ನಿಯ ವಾಸನೆಯಿರುತ್ತದೆ. ಲಾರೆಲ್ ಎಲೆಗೆ ನಡುವೆ ಒಂದೇ ನರ, ವಾಸನೆ ತುಸು ಕಹಿಯಾದ ಹಸಿರು ಗಿಡದ್ದು. ದೊಡ್ಡ ಅಂಗಡಿಗಳಲ್ಲಿ ಆಮದಾದ ಲಾರೆಲ್ ಎಲೆ ಸಿಗುತ್ತದೆ. ಸಿಗದಿದ್ದರೆ ಪಲಾವ್ ಎಲೆಯನ್ನು ಬದಲಿಗೆ ಹಾಕುವುದಕ್ಕಿಂತ ಎಲೆಯನ್ನೇ ಬಿಟ್ಟುಬಿಡುವುದು ಲೇಸು.

ಕೆಂಪು ದಪ್ಪಮೆಣಸಿನಕಾಯಿಯ ಪೇಸ್ಟನ್ನು ಅಲೆಂಟೇಜುವಿನವರು ‘ಮಾಸಾ ದ ಪಿಮೆಂತಾಂವ್’ ಎನ್ನುತ್ತಾರೆ. ಹಣ್ಣಾದ ಕೆಂಪು ಮೆಣಸಿನಕಾಯಿಗಳನ್ನು ಸೀಳಿ, ಬೀಜ ತೆಗೆದು, ಕಲ್ಲುಪ್ಪಿನ ನಡುವೆ ಪದರ ಪದರವಾಗಿ ಕೆಲವು ದಿನ ಇಟ್ಟು, ಬಿಟ್ಟುಕೊಂಡ ನೀರನ್ನು ಬಸಿದು, ಅರೆದು, ಆಲಿವ್ ಎಣ್ಣೆಯಡಿ ಶೇಖರಿಸಿಡುವ ಕ್ರಮ ಅದು. ಮನೆಯಲ್ಲಿ ಬೇಗ ಮಾಡಿಕೊಳ್ಳಬೇಕೆಂದರೆ ಒಂದು ಕೆಂಪು ದಪ್ಪಮೆಣಸಿನಕಾಯಿಯನ್ನು ಉರಿಯ ಮೇಲೆ ಸುಟ್ಟು, ಸಿಪ್ಪೆ ಮತ್ತು ಬೀಜ ತೆಗೆದು, ಅರ್ಧ ಟೀ ಚಮಚ ಉಪ್ಪು ಹಾಗೂ ಸ್ವಲ್ಪ ಆಲಿವ್ ಎಣ್ಣೆಯೊಂದಿಗೆ ನುಣ್ಣಗೆ ರುಬ್ಬಬಹುದು. ಪಾಪ್ರಿಕಾ ಪುಡಿಯ ಜಾಗದಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿ ನಿಸ್ಸಂಕೋಚವಾಗಿ ನಿಲ್ಲುತ್ತದೆ: ಬಣ್ಣ ಗಾಢ, ಖಾರ ಮಿತ. ಬೀಜ ತೆಗೆದು, ಹುರಿಯದೆಯೇ ಪುಡಿ ಮಾಡಬೇಕು. ಹುರಿದರೆ ಸಾರಿನ ಪುಡಿಯ ಪರಿಮಳ ಬಂದುಬಿಡುತ್ತದೆ.

ವೈನ್ ಬಳಸದವರು 2 ಟೇಬಲ್ ಚಮಚ ವಿನೆಗರಿಗೆ 170 ಮಿ.ಲೀ. ನೀರು ಮತ್ತು ಒಂದು ಚಿಟಿಕೆ ಸಕ್ಕರೆ ಸೇರಿಸಿಕೊಳ್ಳಬಹುದು. ಕರಾವಳಿಯಲ್ಲಿ ಸಿಗುವ ತೆಂಗಿನ ಕಳ್ಳಿನ ವಿನೆಗರ್ ಇದಕ್ಕೆ ಉತ್ತಮ. ವೈನ್ ದುಬಾರಿಯದೇ ಆಗಬೇಕಿಲ್ಲ, ಆದರೆ ಸಿಹಿ ವೈನ್ ಮಾತ್ರ ಸಲ್ಲದು. ರಸವನ್ನು ಬತ್ತಿಸಿದಾಗ ಅದು ಪಾನಕದಂತಾಗುತ್ತದೆ.

ಹಂದಿಕೊಬ್ಬನ್ನು ಮನೆಯಲ್ಲೇ ಕರಗಿಸಿಕೊಳ್ಳುವುದು ಸುಲಭ. ಮಾಂಸದ ಅಂಗಡಿಯಿಂದ 250 ಗ್ರಾಂ ಬಿಳಿ ಕೊಬ್ಬು ತಂದು ಚಿಕ್ಕ ತುಂಡುಗಳಾಗಿ ಹೆಚ್ಚಿ, ಕಾಲು ಲೋಟ ನೀರಿನೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಅತಿ ಸಣ್ಣ ಉರಿಯ ಮೇಲಿಟ್ಟರೆ ಸುಮಾರು ಒಂದು ಗಂಟೆಯಲ್ಲಿ ಕೊಬ್ಬು ಕರಗಿ ತಿಳಿಯಾಗುತ್ತದೆ, ನೀರೆಲ್ಲ ಆವಿಯಾಗುತ್ತದೆ, ಉಳಿದ ಚೂರುಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಸೋಸಿ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಆಲಿವ್ ಎಣ್ಣೆಯಲ್ಲೇ ಬಿಫಾನಾ ಮಾಡುವವರೂ ಇದ್ದಾರೆ. ಅದರಿಂದ ತಪ್ಪೇನೂ ಆಗದು, ಆದರೆ ರಸದ ಮೈಕಟ್ಟು ತೆಳುವಾಗುತ್ತದೆ.

ಮಾಂಸದ ಆಯ್ಕೆ ಮತ್ತು ಕೊಯ್ಯುವ ಬಗೆ

ಬೆನ್ನಿನ ಮಾಂಸ ಮತ್ತು ಹಿಂಗಾಲಿನ ತೊಡೆಯ ಮಾಂಸ, ಇವೆರಡೂ ಬಿಫಾನಾಕ್ಕೆ ಬಳಕೆಯಲ್ಲಿವೆ. ಬೆನ್ನಿನ ಮಾಂಸವನ್ನು ಕೊಯ್ಯುವುದು ಸುಲಭ, ತುಂಡುಗಳು ಅಚ್ಚುಕಟ್ಟಾಗಿರುತ್ತವೆ, ಆದರೆ ಕೊಬ್ಬು ಕಡಿಮೆಯಿರುವುದರಿಂದ ಒಂದು ನಿಮಿಷ ಹೆಚ್ಚು ಬೆಂದರೂ ಒಣಗುತ್ತದೆ. ತೊಡೆಯ ಮಾಂಸಕ್ಕೆ ರುಚಿ ಹೆಚ್ಚು, ಸಹನೆಯೂ ಹೆಚ್ಚು. ಅಂಗಡಿಯಲ್ಲಿ ಕೇಳುವಾಗ, ಕರಿಗೆ ಹೆಚ್ಚುವಂತೆ ತುಂಡು ಮಾಡಬೇಡಿ, ಇಡಿಯಾದ ಒಂದೇ ಗಡ್ಡೆ ಕೊಡಿ ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಮಾತು ಮುಗಿಯುವುದರೊಳಗೆ ಕತ್ತಿ ತನ್ನ ಕೆಲಸ ಮುಗಿಸಿರುತ್ತದೆ.

ಮನೆಗೆ ತಂದ ಗಡ್ಡೆಯನ್ನು ಬಟ್ಟೆಯಿಂದ ಒತ್ತಿ ತೇವ ತೆಗೆದು, 45 ನಿಮಿಷದಿಂದ ಒಂದು ಗಂಟೆಯವರೆಗೆ ಫ್ರೀಜರಿನಲ್ಲಿಡಬೇಕು. ಕಲ್ಲಾಗಬಾರದು, ಮೇಲ್ಭಾಗ ಬಿಗಿಯಾದರೆ ಸಾಕು. ಆಗ ಮನೆಯ ಚಾಕುವಿನಿಂದಲೂ 4 ಮಿಲಿಮೀಟರಿನಷ್ಟು ತೆಳುವಾಗಿ ಕೊಯ್ಯಲು ಬರುತ್ತದೆ. ಮಾಂಸದ ಎಳೆಗಳು ಯಾವ ದಿಕ್ಕಿಗೆ ಹರಿದಿವೆಯೆಂದು ಮೊದಲು ನೋಡಿ, ಅವುಗಳಿಗೆ ಅಡ್ಡಲಾಗಿ ಕೊಯ್ಯಬೇಕು. ಎಳೆಯ ಉದ್ದಕ್ಕೇ ಕೊಯ್ದರೆ ಸ್ಯಾಂಡ್‌ವಿಚ್ಚನ್ನು ಕಚ್ಚಿದಾಗ ತುಂಡು ಹರಿಯದೆ, ಇಡೀ ಮಾಂಸವೇ ಬ್ರೆಡ್ಡಿನಿಂದ ಹೊರಗೆ ಎಳೆದುಕೊಂಡು ಬರುತ್ತದೆ. ಬೀದಿ ಬದಿಯಲ್ಲಿ ನಿಂತು ತಿನ್ನುವ ತಿನಿಸಿಗೆ ಇದಕ್ಕಿಂತ ದೊಡ್ಡ ದೋಷ ಇರಲಾರದು.

ಕೊಯ್ದ ತುಂಡುಗಳನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಬಡಿಯಬೇಕು. ದಪ್ಪ 2ರಿಂದ 3 ಮಿಲಿಮೀಟರಿಗೆ ಇಳಿಯಬೇಕು, ಆದರೆ ತುಂಡು ಹರಿದು ಜಾಲರಿಯಾಗಬಾರದು. ಅಂಚಿನಲ್ಲಿ ಬಿಳಿಯ ಪೊರೆ ಅಥವಾ ಕೊಬ್ಬಿನ ಪಟ್ಟಿ ಇದ್ದರೆ ಬೆರಳಗಲಕ್ಕೊಂದರಂತೆ ಚಾಕುವಿನ ತುದಿಯಿಂದ ಕಚ್ಚು ಹಾಕಬೇಕು. ಇಲ್ಲವಾದರೆ ಬಾಣಲೆಗೆ ಬಿದ್ದೊಡನೆ ಪೊರೆ ಕುಗ್ಗಿ ತುಂಡು ಬಟ್ಟಲಿನಂತೆ ಮಡಚಿಕೊಳ್ಳುತ್ತದೆ.

ನೆನೆಸುವುದು

ಬೆಳ್ಳುಳ್ಳಿಯನ್ನು ಕಲ್ಲಿನಲ್ಲಿ ಜಜ್ಜಬೇಕು, ನುಣ್ಣಗೆ ಅರೆಯಬಾರದು. ಅರೆದ ಬೆಳ್ಳುಳ್ಳಿ ಮಾಂಸಕ್ಕೆ ಅಂಟಿಕೊಂಡು ಬಿಸಿ ಕೊಬ್ಬಿನಲ್ಲಿ ಬೇಗ ಕಪ್ಪಾಗಿ ಕಹಿಯಾಗುತ್ತದೆ. ಜಜ್ಜಿದ್ದನ್ನು ಬೇಕಾದಾಗ ಎತ್ತಿ ಪಕ್ಕಕ್ಕಿಡಬಹುದು. ಅಗಲವಾದ ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ವೈನ್, ಬೆಳ್ಳುಳ್ಳಿ, ನಡುವೆ ಮುರಿದ ಲಾರೆಲ್ ಎಲೆ, ಪಾಪ್ರಿಕಾ, ಮೆಣಸಿನ ಪೇಸ್ಟ್, ಉಪ್ಪು, ಕಾಳುಮೆಣಸುಗಳನ್ನು ಕಲಸಿ, ತುಂಡುಗಳನ್ನು ಒಂದೊಂದಾಗಿ ಅದ್ದಿ ಪದರವಾಗಿ ಜೋಡಿಸಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಪೇಸ್ಟ್ ಅಂಗಡಿಯದಾಗಿದ್ದರೆ ಅದರಲ್ಲಿ ಉಪ್ಪು ಬಹಳ ಇರುತ್ತದೆ, ಆಗ ಬೇರೆ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು.

ಮುಚ್ಚಿ ಫ್ರಿಜ್ಜಿನಲ್ಲಿ 4 ಗಂಟೆಯಿಂದ ಒಂದು ರಾತ್ರಿಯವರೆಗೆ ಇಡಬಹುದು. ವಿನೆಗರ್ ಬಳಸಿದ್ದರೆ 4 ಗಂಟೆಗೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಇಷ್ಟು ತೆಳುವಾದ ಮಾಂಸವನ್ನು ಹೆಚ್ಚು ಹೊತ್ತು ಹುಳಿಯಲ್ಲಿಟ್ಟರೆ ಹೊರಭಾಗ ಬೆಂದಂತೆ ಬಿಳಿಚಿಕೊಂಡು ಹಿಟ್ಟುಹಿಟ್ಟಾಗುತ್ತದೆ.

ಬ್ರೆಡ್ಡು

ಲಿಸ್ಬನ್ನಿನ ಕಡೆ ‘ಪಾಪು ಸೆಕು’ ಅಥವಾ ‘ಕರ್ಕಾಸಾ’ ಎನ್ನಿಸಿಕೊಳ್ಳುವ, ಎರಡೂ ತುದಿ ಚೂಪಾಗಿ ನಡುವೆ ಉದ್ದಕ್ಕೆ ಸೀಳಿದಂತೆ ಕಾಣುವ ಬ್ರೆಡ್ಡು ಇದಕ್ಕೆ ಸಲ್ಲುವಂಥದ್ದು. ನಮ್ಮ ಬೇಕರಿಗಳ ಸಿಹಿ ಬನ್ನು ಖಂಡಿತ ಬೇಡ. ಪಾವ್‌ಭಾಜಿಯ ಮೆತ್ತನೆಯ ಪಾವ್ ಕೂಡ ರಸ ಬಿದ್ದೊಡನೆ ಮುದ್ದೆಯಾಗುತ್ತದೆ. ಗೋವೆಯ ಬೇಕರಿಗಳಲ್ಲಿ ಸಿಗುವ, ಸಿಪ್ಪೆ ಗಟ್ಟಿಯಾದ ಉಂಡೊ ಹತ್ತಿರದ ಬದಲಿ. ಕಾರವಾರದ ಕಡೆಯವರಿಗೆ ಅದನ್ನು ತರಿಸಿಕೊಳ್ಳುವುದು ಕಷ್ಟವಲ್ಲ. ಉಳಿದವರು ಮನೆಯಲ್ಲೇ ಮಾಡಬಹುದು.

ಮೈದಾ 500 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಹಂದಿಕೊಬ್ಬು 10 ಗ್ರಾಂ, ಉಗುರುಬೆಚ್ಚಗಿನ ನೀರು ಸುಮಾರು 310 ಮಿ.ಲೀ. ಇವನ್ನು ಕಲಸಿ, ಹಿಟ್ಟು ಎಳೆದರೆ ಹರಿಯದೆ ಪೊರೆಯಂತೆ ಹಿಗ್ಗುವವರೆಗೆ 10ರಿಂದ 12 ನಿಮಿಷ ನಾದಬೇಕು. ಬ್ರೆಡ್ಡಿಗಾಗಿಯೇ ಬರುವ ಹಿಟ್ಟಿಗಿಂತ ಮೈದಾ ನೀರನ್ನು ಕಡಿಮೆ ಹೀರುವುದರಿಂದ ನೀರನ್ನು ಒಮ್ಮೆಲೇ ಸುರಿಯದೆ ನೋಡಿಕೊಂಡು ಹಾಕಬೇಕು. ಮುಚ್ಚಿಟ್ಟ ಹಿಟ್ಟು ಎರಡರಷ್ಟು ಉಬ್ಬಿದ ಮೇಲೆ, ನಮ್ಮ ಸೆಕೆಯಲ್ಲಿ ಇದಕ್ಕೆ ಒಂದು ಗಂಟೆ ಸಾಕು, 8 ಉಂಡೆ ಮಾಡಿ 15 ನಿಮಿಷ ಬಿಡಬೇಕು. ಪ್ರತಿ ಉಂಡೆಯನ್ನೂ ಅಂಗೈಯಲ್ಲಿ ತಟ್ಟಿ, ಅಂಗೈಯ ಅಂಚಿನಿಂದ ನಡುವೆ ಆಳವಾಗಿ ಗೆರೆ ಒತ್ತಿ, ಆ ಗೆರೆಯ ಮೇಲೆ ಮಡಚಿ, ಎರಡು ತುದಿಗಳನ್ನು ಹಿಂಡಿ ಚೂಪಾಗಿಸಬೇಕು. ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಮಡಿಕೆಯ ಬದಿ ಕೆಳಗಿರುವಂತೆ 40 ನಿಮಿಷ ಬಿಟ್ಟು, ಬೇಯಿಸುವ ತಟ್ಟೆಗೆ ಇಡುವಾಗ ಮಗುಚಿ ಮಡಿಕೆ ಮೇಲೆ ಬರುವಂತೆ ಮಾಡಬೇಕು. ಓವನ್ 230 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕು, ಕೆಳಗೊಂದು ಅಗಲ ತಟ್ಟೆಯಲ್ಲಿ ಕುದಿಯುವ ನೀರಿರಬೇಕು. ಮೊದಲ ಕೆಲವು ನಿಮಿಷಗಳ ಹಬೆಯಿಂದಲೇ ಸಿಪ್ಪೆ ತೆಳುವಾಗಿ ಗರಿಗರಿಯಾಗುವುದು. 15ರಿಂದ 18 ನಿಮಿಷದಲ್ಲಿ ಬೇಯುತ್ತದೆ.

ಬೇಯಿಸುವ ಕ್ರಮ

ನೆನೆಸಿದ ಮಾಂಸವನ್ನು ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆದು, ತುಂಡುಗಳನ್ನು ಎತ್ತಿ, ಅಂಟಿದ ಬೆಳ್ಳುಳ್ಳಿಯನ್ನು ಉದುರಿಸಿ, ಕಾಗದದಿಂದ ಒತ್ತಿ ತೇವ ತೆಗೆಯಬೇಕು. ನೆನೆಸಿದ ರಸವನ್ನು ಎಲೆ ಮತ್ತು ಬೆಳ್ಳುಳ್ಳಿಯ ಸಮೇತ ಬೇರೆಯಾಗಿ ಇಟ್ಟುಕೊಳ್ಳಬೇಕು. ಅದನ್ನು ಚೆಲ್ಲಿದರೆ ಅಡುಗೆಯ ಅರ್ಧಭಾಗವನ್ನೇ ಚೆಲ್ಲಿದಂತೆ.

ಅಗಲವಾದ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ ಒಂದು ಚಮಚ ಕೊಬ್ಬು ಹಾಕಿ, ಒಂದರ ಮೇಲೊಂದು ಬೀಳದಂತೆ ಮೂರು ನಾಲ್ಕು ತುಂಡುಗಳನ್ನು ಮಾತ್ರ ಹರಡಬೇಕು. ಪ್ರತಿ ಬದಿಗೆ 40ರಿಂದ 60 ಸೆಕೆಂಡು ಸಾಕು. ಇಲ್ಲಿ ಪೂರ್ತಿ ಬೇಯಿಸುವ ಗುರಿಯಿಲ್ಲ, ಅಂಚುಗಳಲ್ಲಿ ಕೆಂಪು ಬಣ್ಣ ಹಿಡಿದು ಬಾಣಲೆಯ ತಳದಲ್ಲಿ ಕಂದು ಪದರ ಕೂರಬೇಕು. ಎಲ್ಲ ತುಂಡುಗಳನ್ನೂ ಒಟ್ಟಿಗೆ ತುರುಕಿದರೆ ಮಾಂಸ ನೀರು ಬಿಟ್ಟುಕೊಂಡು ಕುದಿಯತೊಡಗುತ್ತದೆ, ಬಣ್ಣ ಬರುವುದಿಲ್ಲ. ಆದ್ದರಿಂದ ಮೂರು ನಾಲ್ಕು ಸರದಿಯಲ್ಲಿ, ಪ್ರತಿಸಲ ಸ್ವಲ್ಪ ಕೊಬ್ಬು ಸೇರಿಸುತ್ತ ಮುಗಿಸಿ, ತುಂಡುಗಳನ್ನು ತಟ್ಟೆಗೆ ತೆಗೆದಿಡಬೇಕು.

ಈಗ ಉರಿಯನ್ನು ಮಧ್ಯಮಕ್ಕಿಳಿಸಿ, ಎತ್ತಿಟ್ಟ ರಸವನ್ನೆಲ್ಲ ಅದೇ ಬಾಣಲೆಗೆ ಸುರಿದು, ಮರದ ಸೌಟಿನಿಂದ ತಳವನ್ನು ಕೆರೆಯುತ್ತ ಕುದಿಸಬೇಕು. ಹಸಿಮಾಂಸ ನೆನೆದ ರಸವಾದ್ದರಿಂದ ಕನಿಷ್ಠ 5 ನಿಮಿಷ ಚೆನ್ನಾಗಿ ಕುದಿಯಲೇಬೇಕು. ಅಷ್ಟರಲ್ಲಿ ವೈನಿನ ಕಟುವಾಸನೆ ಹೋಗಿ, ರಸ ಸುಮಾರು ಅರ್ಧಕ್ಕೆ ಬತ್ತುತ್ತದೆ. ಬಳಿಕ ಬಿಸಿನೀರನ್ನೂ ಉಳಿದ ಕೊಬ್ಬನ್ನೂ ಸೇರಿಸಿ ಇನ್ನೆರಡು ನಿಮಿಷ ಕುದಿಸಿದಾಗ ಮೇಲೆ ಕೆಂಪು ಎಣ್ಣೆಯ ಹೊಳಪು ತೇಲುತ್ತದೆ. ರಸ ತಿಳಿಸಾರಿಗಿಂತ ಮಂದವಾಗಿ, ಆದರೆ ಗೊಜ್ಜಿನಷ್ಟು ಗಟ್ಟಿಯಾಗದೆ ಇರಬೇಕು. ಈ ಹಂತದಲ್ಲಿ ರುಚಿ ನೋಡಿ ಉಪ್ಪು ಸರಿಪಡಿಸಬೇಕು. ಬರಿದೇ ನಾಲಿಗೆಗೆ ತುಸು ಹೆಚ್ಚೆನ್ನಿಸುವ ಉಪ್ಪು ಬ್ರೆಡ್ಡಿನ ಜೊತೆ ಸರಿಹೋಗುತ್ತದೆ.

ತಟ್ಟೆಯಲ್ಲಿ ಸೋರಿದ ರಸದ ಸಮೇತ ಮಾಂಸವನ್ನು ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಮಗುಚಿದರೆ ಮುಗಿಯಿತು. ಹಂದಿಮಾಂಸ ಎಲ್ಲಿಯೂ ಹಸಿಯಾಗಿ ಉಳಿಯಬಾರದು. ಇಷ್ಟು ತೆಳುವಾದ ತುಂಡಿನಲ್ಲಿ ಆ ಭಯ ಕಡಿಮೆಯಾದರೂ, ಅತ್ಯಂತ ದಪ್ಪನೆಯ ಒಂದು ತುಂಡನ್ನು ಹರಿದು, ಗುಲಾಬಿ ಬಣ್ಣವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಜೋಡಿಸುವುದು

ಬ್ರೆಡ್ಡನ್ನು ಒಂದು ಅಂಚು ಕೂಡಿಕೊಂಡಿರುವಂತೆ ಸೀಳಿ, ಒಳಮೈಯನ್ನು ಬಾಣಲೆಯ ರಸದ ಮೇಲೆ ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಹೊರಗಿನ ಸಿಪ್ಪೆಗೆ ರಸ ತಾಗಬಾರದು. ಬ್ರೆಡ್ಡು ಬೆಳಗಿನದಾಗಿದ್ದು ಮೆತ್ತಗಾಗಿದ್ದರೆ ಮೊದಲು ಓವನ್ನಿನಲ್ಲಿ ಮೂರು ನಾಲ್ಕು ನಿಮಿಷ ಬಿಸಿಮಾಡಿ ಗರಿಗರಿಯಾಗಿಸಿಕೊಳ್ಳಬೇಕು. ಪ್ರತಿ ಬ್ರೆಡ್ಡಿಗೂ ಎರಡು ಮೂರು ತುಂಡುಗಳನ್ನು ಮಡಚಿ ಇಟ್ಟು, ಮೇಲೊಂದು ಚಮಚ ರಸ ಹನಿಸಿ, ಮುಚ್ಚಿ, ಅಂಗೈಯಿಂದ ಒಮ್ಮೆ ಒತ್ತಿ ತಕ್ಷಣ ಕೊಡಬೇಕು. ಆರು ಜನರಿಗೂ ಒಟ್ಟಿಗೆ ಬಡಿಸಬೇಕೆಂದು ಜೋಡಿಸಿ ಇಟ್ಟುಕೊಂಡರೆ ಮೊದಲನೆಯದು ಅಷ್ಟರಲ್ಲಿ ಒದ್ದೆಯಾಗಿರುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಸಾಸಿವೆ ಪೇಸ್ಟ್ ಮತ್ತು ಪಿರಿ ಪಿರಿಯನ್ನು ಕಟ್ಟೆಯ ಮೇಲಿಟ್ಟು ತಿನ್ನುವವರ ಇಷ್ಟಕ್ಕೇ ಬಿಡುತ್ತಾರೆ. ಮನೆಯಲ್ಲೂ ಹಾಗೆಯೇ ಮಾಡುವುದು ವಾಸಿ. ಜೊತೆಗೆ ತಣ್ಣನೆಯ ಬಿಯರ್, ಕೆಲವೊಮ್ಮೆ ಒಂದು ಬಟ್ಟಲು ಸೊಪ್ಪು ಆಲೂಗಡ್ಡೆಯ ಸೂಪ್ ಅಲ್ಲಿನ ರೂಢಿ.

ಪಿರಿ ಪಿರಿ ಎಣ್ಣೆಗೆ ನಮ್ಮ ಸೂಜಿಮೆಣಸು ಅಥವಾ ಗಾಂಧಾರಿ ಮೆಣಸು ಚೆನ್ನಾಗಿ ಒಗ್ಗುತ್ತದೆ. 10–12 ಮೆಣಸನ್ನು ಜಜ್ಜಿ, ಒಂದು ಚಮಚ ವಿನೆಗರ್, ಚಿಟಿಕೆ ಉಪ್ಪು ಸೇರಿಸಿ, 100 ಮಿ.ಲೀ. ಬೆಚ್ಚಗಿನ ಆಲಿವ್ ಎಣ್ಣೆಯಲ್ಲಿ ಒಂದು ದಿನ ಬಿಡಬೇಕು. ಹಸಿ ಮೆಣಸು ಎಣ್ಣೆಯಲ್ಲಿರುವುದರಿಂದ ಫ್ರಿಜ್ಜಿನಲ್ಲೇ ಇಟ್ಟು ಒಂದು ವಾರದೊಳಗೆ ಮುಗಿಸಬೇಕು.

ಪೋರ್ಟೊ ರೀತಿಯಲ್ಲಿ ಮಾಡುವುದಾದರೆ

ಇದಕ್ಕೆ ಕೊಬ್ಬು ಹೆಚ್ಚಿರುವ ಭುಜದ ಮಾಂಸ ಒಳ್ಳೆಯದು. ಅರೆಹೆಪ್ಪುಗಟ್ಟಿದ ಗಡ್ಡೆಯನ್ನು ಸಾಧ್ಯವಾದಷ್ಟು ತೆಳ್ಳಗೆ, ಬೆರಳುದ್ದದ ಚೂರುಗಳಾಗಿ ಕೊಯ್ಯಬೇಕು, ಬಡಿಯುವ ಅಗತ್ಯವಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಹಂದಿಕೊಬ್ಬು ಕಾಯಿಸಿ ಒಂದು ಈರುಳ್ಳಿ, 6 ಎಸಳು ಬೆಳ್ಳುಳ್ಳಿಯನ್ನು ಕೆಂಪಾಗದಂತೆ ಬಾಡಿಸಿ, ಒಂದು ಟೊಮೆಟೊದ ತಿರುಳು, ಪಾಪ್ರಿಕಾ, ಲಾರೆಲ್ ಎಲೆ, ನಾಲ್ಕೈದು ಸೂಜಿಮೆಣಸು ಹಾಕಿ, 200 ಮಿ.ಲೀ. ಬಿಳಿ ವೈನ್ ಮತ್ತು ಅಷ್ಟೇ ಬಿಯರ್ ಸುರಿದು ಅರ್ಧ ಗಂಟೆ ಸಣ್ಣಗೆ ಕುದಿಸಬೇಕು. ಈ ರಸವನ್ನು ಸೋಸಿ ಮತ್ತೆ ಒಲೆಯ ಮೇಲಿಟ್ಟು ಮಾಂಸ ಹಾಕಿದರೆ, ಚೂರುಗಳು ಮೊದಲು ಬಿರುಸಾಗಿ, 35–40 ನಿಮಿಷಗಳ ನಂತರ ಮೆತ್ತಗಾಗುತ್ತವೆ. ಬಿರುಸಾದ ಹಂತದಲ್ಲಿ ಕೆಟ್ಟಿತೆಂದು ಭಾವಿಸಿ ಇಳಿಸಬಾರದು. ಈ ರೀತಿಯ ಬಿಫಾನಾ ಮನೆಗೆ ಬಹಳ ಮಂದಿ ಬರುವ ದಿನಕ್ಕೆ ಅನುಕೂಲ, ಏಕೆಂದರೆ ಪಾತ್ರೆ ಸಣ್ಣ ಉರಿಯ ಮೇಲೆ ಕಾದಿರುತ್ತದೆ, ಬಂದವರಿಗೆ ಬಂದಂತೆ ತುಂಬಿ ಕೊಡಬಹುದು.

ಉಳಿದರೆ

ಮಾಂಸವನ್ನು ರಸದಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಬಿಸಿಮಾಡುವಾಗ ಸ್ವಲ್ಪ ನೀರು ಸೇರಿಸಿ ರಸವನ್ನು ಚೆನ್ನಾಗಿ ಕುದಿಸಬೇಕು. ಅಲೆಂಟೇಜು ರೀತಿಯ ಮಾಂಸ ಎರಡನೆಯ ಸಲ ತುಸು ಗಟ್ಟಿಯಾಗುತ್ತದೆ, ಅದನ್ನು ಸಣ್ಣಗೆ ಹೆಚ್ಚಿ ಪೋರ್ಟೊ ರೀತಿಯ ರಸಕ್ಕೆ ಸೇರಿಸಿಕೊಳ್ಳಬಹುದು. ಮಾಂಸ ಮುಗಿದು ರಸ ಮಾತ್ರ ಮಿಕ್ಕಿದ್ದರೆ ಮೊಟ್ಟೆಯನ್ನು ಅದರಲ್ಲೇ ಒಡೆದು ಬೇಯಿಸಿ, ಉಳಿದೆರಡು ಬ್ರೆಡ್ಡುಗಳ ಜೊತೆ ಬೆಳಗಿನ ತಿಂಡಿಗೆ ಬಳಸಬಹುದು.